ಬಣ್ಣ ತಾಗಬಾರದ ಜಾಗ

ಬುಧವಾರ, ಬೆಳಿಗ್ಗೆ

ಮುನಿಸಿಕೊಂಡು ದೋಣಿ ಹತ್ತಿ ಹೋದವರಿಗೆ,

ಕ್ಷೇಮ ಸಮಾಚಾರ ಆಮೇಲೆ. ಶುಕ್ರವಾರ ನೀವು ಸರಕು ತುಂಬಿಕೊಂಡು ದ್ವೀಪಗಳ ಕಡೆಗೆ ಹೊರಡಬಾರದು. ದೋಣಿಯನ್ನು ದಡಕ್ಕೆಳೆಸಿ ಅಡಿ ನೋಡಿ. ಇಷ್ಟನ್ನೇ ನಿನ್ನೆ ಫೋನಿನಲ್ಲಿ, ನಿಮ್ಮ ಜೊತೆ ದೋಣಿಯಲ್ಲಿರುವ ಮಗಳ ಹತ್ತಿರ ಹೇಳಿಸಿದೆ. ಇದು ನಿಮ್ಮಮ್ಮನ ಹೊಸ ಆಟ, ನನ್ನನ್ನ ವಾಪಸ್ ಕರೆಸ್ಕೊಳ್ಳೋಕೆ ನೆಪ ಹುಡುಕ್ತಾಳೆ ಅಂದಿರಂತೆ. ನಿಮ್ಮನ್ನು ಕರೆಸಿಕೊಳ್ಳಲು ನನಗೆ ನೆಪ ಬೇಕಿದ್ದರೆ ಇದಕ್ಕಿಂತ ಚೆನ್ನಾದದ್ದು ಹೊಳೆಯುತ್ತಿರಲಿಲ್ಲವೇ?

ನಡೆದದ್ದನ್ನು ಹೇಳುತ್ತೇನೆ, ಸಿಟ್ಟಾಗದೆ ಓದಿ. ನಿನ್ನೆ ಮಧ್ಯಾಹ್ನ ಊಟಕ್ಕೆ ಕೂತಾಗ ನನ್ನಪ್ಪ ತನ್ನ ಕೈಗುಣ ಹೊಗಳಿಕೊಳ್ಳುತ್ತಿದ್ದ. ಜೀವಮಾನವೆಲ್ಲ ಮನೆಗಳ ಗೋಡೆಗೆ ಬಣ್ಣ ಬಳಿದವನು, ನಿಮಗೆ ಗೊತ್ತಲ್ಲ. ನಿಮ್ಮ ದೋಣಿಯ ಅಡಿಗೆ ತಾನು ಬಳಿದ ಹಾಗೆ ಯಾರೂ ಬಳಿದಿರಲಿಕ್ಕಿಲ್ಲವಂತೆ. ನೀರಿನಡಿ ತಿರುಗಿ ದೋಣಿ ತಳ್ಳುವ ಫ್ಯಾನಿನ ಹತ್ತಿರ ಬೂದು ಬಣ್ಣದ ಗಟ್ಟಿಗಳು ಬೋಳುಬೋಳಾಗಿ ಅಸಹ್ಯವಾಗಿ ಕಾಣುತ್ತಿದ್ದವಂತೆ, ಅವಕ್ಕೂ ಎರಡು ಕೈ ದಪ್ಪಗೆ ಬಳಿದನಂತೆ. ನನ್ನ ಕೈತುತ್ತು ಬಾಯಿಗೆ ಹೋಗಲಿಲ್ಲ.

ಜಿಂಕ್ ಗಟ್ಟಿಗಳಿಗೆ ಬಣ್ಣ! ಉಪ್ಪುನೀರು ಲೋಹ ತಿನ್ನುತ್ತದೆ, ಅದಕ್ಕೆ ಮೊದಲು ತಿನ್ನಲೆಂದೇ ಈ ಗಟ್ಟಿ ಇಟ್ಟಿರುತ್ತೇವೆ, ಅದು ಸಿಕ್ಕುವ ತನಕ ನೀರು ಫ್ಯಾನಿನ, ಶಾಫ್ಟಿನ, ಚುಕ್ಕಾಣಿಯ ಪಿನ್ನುಗಳ ತಂಟೆಗೆ ಹೋಗುವುದಿಲ್ಲ, ಬಣ್ಣ ಬಳಿದರೆ ಊಟದ ತಟ್ಟೆಗೆ ಮುಚ್ಚಳ ಹಾಕಿದ ಹಾಗೆ ಎಂದು ಅಪ್ಪನಿಗೆ ಬಿಡಿಸಿ ಹೇಳಿದೆ. ಅವನ ಮುಖ ಸಣ್ಣದಾಯಿತು. ಅಷ್ಟು ಬೇಗ ಕರಗಿ ಹೋಗೋದನ್ನ ಯಾರಾದ್ರೂ ದುಡ್ಡು ಕೊಟ್ಟು ತಂದು ಹಾಕ್ತಾರೇನಮ್ಮಾ ಅಂದ. ಅವನನ್ನು ಬೈದು ಏನು ಪ್ರಯೋಜನ?

ಪ್ರತಿ ವರ್ಷ ಈ ಕೆಲಸ ಹೇಗೆ ನಡೆಯುತ್ತಿತ್ತು ಹೇಳಿ. ಹೊಸ ಗಟ್ಟಿ ಬಿಗಿದು, ಅದಕ್ಕೆ ಕಾಗದ ಸುತ್ತಿ ಟೇಪು ಹಚ್ಚುವವಳು ನಾನು. ಸುತ್ತಲೂ ಬಣ್ಣ ಬಳಿಯುವವರು ನೀವು. ಬಣ್ಣ ಒಣಗಿದ ಮೇಲೆ ಕಾಗದ ಕಿತ್ತು, ಲೋಹ ಬರಿದಾಗಿದೆಯೇ ಎಂದು ಇಬ್ಬರೂ ಬೆರಳಾಡಿಸಿ ನೋಡುತ್ತಿದ್ದೆವು. ಈ ಸಲ ನಮಗೆ ಮಾತಿರಲಿಲ್ಲ. ನನ್ನನ್ನು ಒಂದು ಮಾತೂ ಕೇಳದೆ ದೂರದ ಬಂದರಿನ ಸರಕು ಒಪ್ಪಿಕೊಂಡು ಬಂದಿದ್ದಿರಿ. ನಾನು ಗಟ್ಟಿ ಬಿಗಿದವಳೇ ಕಾಗದ ಸುತ್ತದೆ ಸ್ಪ್ಯಾನರ್ ಎಸೆದು ಮನೆಗೆ ಬಂದೆ. ನೀವು ಇಂಜಿನಿನ ಒಳಗೆ ತಲೆ ತೂರಿಸಿ ಕೂತಿರಿ. ಮಧ್ಯೆ ಓಡಾಡಿದ್ದು ಅಪ್ಪ.

ಜಿಂಕ್ ಮೇಲೆ ಒಂದು ಹನಿ ಬಣ್ಣ ಬಿದ್ರೂ ಇನ್ನು ನನ್ನ ಮುಖ ನೋಡ್ಬೇಡಿ ಅಂತ ಹೇಳಪ್ಪಾ ಎಂದು ಕಳಿಸಿದ್ದೆ. ಗಂಡನಿಗೆ ಹೇಳುವ ಮಾತೇ ಇದು ಎಂದು ಅವನಿಗೆ ಸಂಕಟವಾಯಿತಂತೆ. ನಿಮ್ಮ ಹತ್ತಿರ ಬಂದು, ಬಣ್ಣ ಚೆನ್ನಾಗಿ ಬಳೀರಿ ಅಂದ್ಲು ಎಂದನಂತೆ. ಮಗಳ ಸಂಸಾರ ಉಳಿಸಲು ಮಾತಿಗೆ ಬೆಣ್ಣೆ ಹಚ್ಚಿದ, ಆಮೇಲೆ ತಾನೇ ಬ್ರಷ್ ಹಿಡಿದ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅಂತಾರೆ. ನಮ್ಮ ಮನೆಯಲ್ಲಿ ಬಡವಾದದ್ದು ದೋಣಿ.

ಈಗ ಚುಕ್ಕಾಣಿ ತಿರುಗಿಸಿದರೆ ಗಡಗಡ ಅನ್ನುತ್ತದೆಯಂತೆ. ಮಗಳು ಏನೋ ತಮಾಷೆಯ ಹಾಗೆ ಹೇಳಿದಳು. ಪಿನ್ನು ಸವೆದಿದೆ, ಇನ್ನೇನು? ಇಲ್ಲಿ ಹಾಲು ಉಕ್ಕಿ ಹೋಯಿತು, ಎದ್ದು ಒರೆಸಿ ಬಂದೆ. ಮತ್ತೆ ಕೂತರೆ ಅದೇ ಗಡಗಡ ಕಿವಿಯಲ್ಲಿ. ನಡುನೀರಿನಲ್ಲಿ ಚುಕ್ಕಾಣಿ ಕಳಚಿದರೆ ಇಂಜಿನ್ ಮನೆಯಲ್ಲಿ ಕೂತ ಆ ಹುಡುಗಿ ಏನು ಮಾಡಬೇಕು? ನಿಮ್ಮ ಮೂಗಿನ ತುದಿಯ ಸಿಟ್ಟು ಅವಳನ್ನು ದಡ ಮುಟ್ಟಿಸುತ್ತದೆಯೇ?

ಇನ್ನೊಂದು ವಿಷಯ. ಬರೆಯಬಾರದು ಅಂದುಕೊಂಡಿದ್ದೆ. ನೀವು ಹೊರಟ ದಿನ ಅಪ್ಪ ಬಂದು, ನೀನು ಸರಿಯಾಗಿ ಊಟ ಮಾಡ್ಬೇಕಂತೆ, ಅವ್ರಿಗೆ ಅದೇ ಯೋಚನೆ ಅಂತೆ ಅಂದಿದ್ದ. ಇಷ್ಟು ತಿಂಗಳು ಆ ಒಂದು ಮಾತು ಹಿಡಿದುಕೊಂಡು ಕೂತಿದ್ದೆ. ನಿನ್ನೆ ಅವನನ್ನು ನಿಲ್ಲಿಸಿ ಕೇಳಿದೆ, ಅದೂ ನೀನೇ ಹಚ್ಚಿದ ಬೆಣ್ಣೆಯೇ ಅಂತ. ಅವನು ಕೈ ತೊಳೆಯಲು ಎದ್ದು ಹೋದ. ನೀವು ನಿಜವಾಗಿ ಏನು ಅಂದಿರಿ ಎಂದು ನಾನು ಕೇಳುವುದಿಲ್ಲ. ಆದರೆ ತುಂಬ ನೋವಾಯಿತು, ಅದನ್ನು ಮುಚ್ಚಿಡುವುದಿಲ್ಲ.

ಸರಕು ಒಪ್ಪಿದ್ದು ತಪ್ಪೆಂದು ನಾನು ಈಗಲೂ ಹೇಳುತ್ತೇನೆ. ಅದಕ್ಕೆ ದೋಣಿ ರಿಪೇರಿಯಾದ ಮೇಲೆ ಜಗಳವಾಡೋಣ.

ನೀವು ಒಪ್ಪಿದರೂ ಬಿಟ್ಟರೂ,
ನಿಮ್ಮ ಹೆಂಡತಿ

ಮರೆತ ಮಾತು: ಇದನ್ನು ಅಂಚೆಗೆ ಹಾಕಿದರೆ ಶುಕ್ರವಾರದೊಳಗೆ ಸೇರುವುದಿಲ್ಲವೆಂದು ಬಸ್ಸು ಹತ್ತಿದೆ. ಕಾಗದ ತಂದುಕೊಟ್ಟ ಕಾವಲುಗಾರನನ್ನು ಕೇಳಿ, ನಾನು ಬಂದರಿನ ಗೇಟಿನ ಹೊರಗೇ ನಿಂತಿದ್ದೇನೆ. ಎದುರಿಗೆ ಬಂದು ಬಾಯಿಬಿಟ್ಟರೆ ಎರಡನೇ ಮಾತಿಗೇ ಜಗಳವಾಗಿ ಚುಕ್ಕಾಣಿಯ ವಿಷಯ ಅಲ್ಲೇ ಉಳಿಯುತ್ತದೆ, ಅದಕ್ಕೇ ಬರೆದು ಕಳಿಸಿದೆ. ಹೊಸ ಗಟ್ಟಿಗಳು ಚೀಲದಲ್ಲಿವೆ, ಭುಜ ಬಿದ್ದುಹೋಗುತ್ತಿದೆ. ಬೈಯುವುದಿದ್ದರೂ ಸರಿ, ಯಾರ ಕೈಯಲ್ಲೂ ಹೇಳಿ ಕಳಿಸಬೇಡಿ. ನೀವೇ ಬನ್ನಿ.