ನಾಲ್ಕನೆಯ ಮುತ್ತು

ಏಪ್ರಿಲ್ 17, 1905. ಈಸ್ಟರ್ ಭಾನುವಾರ.

ಇವರ ಕೆನ್ನೆಯೆಲ್ಲ ತರಚಿಹೋಗಿದೆ. ಹೆಬ್ಬಾತಿನ ಕೊಬ್ಬು ಹಚ್ಚಿ ಮಲಗಿಸಿ ಬಂದೆ. ಜನರಲ್ ಆದವರು ಈ ದಿನ ಸಾಲಿನಲ್ಲಿ ನಿಂತ ಒಬ್ಬೊಬ್ಬ ಸಿಪಾಯಿಗೂ "ಕ್ರಿಸ್ತ ಎದ್ದಿದ್ದಾನೆ" ಎಂದು ಮೂರು ಮುತ್ತು ಕೊಡಬೇಕು. ಅಷ್ಟೂ ಗಡ್ಡಗಳಿಗೆ ಉಜ್ಜಿದರೆ ಯಾವ ಚರ್ಮ ತಾನೇ ಉಳಿದೀತು! ಮೈ ಸರಿಯಿಲ್ಲ, ಈ ಸಲ ಬೇಡ ಎಂದರೆ ಕೇಳಲಿಲ್ಲ. ಹಟಮಾರಿ.

ಮಂಚೂರಿಯಾದ ಯುದ್ಧದಲ್ಲಿ ನಮ್ಮ ಗ್ಲೆಬ್ ತೀರಿಕೊಂಡ ಸುದ್ದಿ ಬಂದಾಗಿನಿಂದ ಒಮ್ಮೆಯೂ ಮಗನ ಹೆಸರೆತ್ತಿಲ್ಲ, ಈ ಮನುಷ್ಯ. ಕಲ್ಲು ಎಂದುಕೊಂಡಿದ್ದೆ.

ಸಿಪಾಯಿಗಳಿಗೆ ಹಬ್ಬದ ಬಣ್ಣದ ಮೊಟ್ಟೆ ಹಂಚುತ್ತ ನಾನು ಇವರ ಹಿಂದೆಯೇ ಇದ್ದೆ. ಸಾಲಿನ ಕೊನೆಯಲ್ಲಿ ದೇಮಿದ್ ಎಂಬ ಹೊಸ ಸಿಪಾಯಿ. ಗಡ್ಡ ಇನ್ನೂ ಮೂಡಿಲ್ಲ, ಕಿವಿ ಥೇಟ್ ಗ್ಲೆಬ್‌ನ ಹಾಗೆಯೇ ಅಗಲ. ಇವರು ಮೂರು ಮುತ್ತು ಕೊಟ್ಟರು. ಭುಜ ಬಿಡಲಿಲ್ಲ. ಇನ್ನೊಂದು ಕೊಟ್ಟರು.

ಅವನು ಹೆದರಿ ಪಿಸುಗುಟ್ಟಿದ: "ದೊಡ್ಡ ಸಾಹೇಬ್ರೇ, ನಂದು ಮೂರೂ ಆಯ್ತು."

"ಸುಮ್ನೆ ನಿಂತ್ಕೊಳ್ಳೋ. ಇದು ನಿಂಗಲ್ಲ."

ಆಮೇಲೆ ಮನೆಗೆ ಬಂದೆವು. ಈಗಷ್ಟೇ ಕೊಬ್ಬು ಹಚ್ಚುವಾಗ ಗೋಡೆ ನೋಡುತ್ತ ಕೇಳಿದರು:

"ಆ ಹುಡುಗನಿಗೆ ಮೊಟ್ಟೆ ಕೊಟ್ಯೇನೇ?"

"ಎರಡು ಕೊಟ್ಟೆ" ಅಂದೆ.