ಕರಡಿ ಇಳಿದ ತಿಂಗಳು

ಅಕ್ಟೋಬರ್ ೭, ಮಂಗಳವಾರ. ಸಂಜೆ

ನನ್ನ ಕಸದ ಚೀಲವನ್ನು ಕಸದ ಗಾಡಿಯವರು ಇವತ್ತೂ ಒಯ್ದಿಲ್ಲ. ಬೀದಿ ಕೊನೆಯಲ್ಲಿ ಒಂಟಿಯಾಗಿ ಕೂತಿತ್ತು, ಕೆಂಪು ಚೀಟಿ ಅಂಟಿಸಿಕೊಂಡು. ಈ ಸಲದ ತಪ್ಪು ಮೊಸರಿನ ಡಬ್ಬಿ. ತೊಳೆದಿರಲಿಲ್ಲ. ಯಾರೂ ನೋಡದ ಹಾಗೆ ಎತ್ತಿಕೊಂಡು ಬಂದೆ. ಯಾರೋ ನೋಡಿರುತ್ತಾರೆ.

ವೃದ್ಧಾಶ್ರಮದಲ್ಲಿ ಬೆಳಗಿನ ಡ್ಯೂಟಿ. ಬಟ್ಟೆ ಬದಲಿಸುವ ಕೋಣೆಯಲ್ಲಿ ನಿಶಿಕಾತಾ ಅವರು ನನ್ನ ಮುಖ ನೋಡಿ, “ಕುಮಾ ಬಂದಿದೆ, ಗೊತ್ತಾಯ್ತಾ?” ಅಂದರು. ಕಣ್ಣ ಕೆಳಗಿನ ಕಪ್ಪಿಗೆ ಜಪಾನಿಯಲ್ಲಿ ಕುಮಾ ಅನ್ನುತ್ತಾರೆ, ನನಗೆ ಗೊತ್ತಿದ್ದದ್ದು ಅಷ್ಟೇ. ಕಣ್ಣು ಮುಟ್ಟಿಕೊಂಡು, “ಹೌದು, ಸರಿಯಾಗಿ ನಿದ್ದೆ ಬರಲಿಲ್ಲ” ಅಂದೆ.

ನಗಲಿಲ್ಲ ಅವರು. ನಗುವ ಮೇಲಧಿಕಾರಿ ಅಲ್ಲ. ಎರಡೂ ಕೈಯ ಬೆರಳು ಉಗುರಿನ ಹಾಗೆ ಮಡಿಸಿ ತೋರಿಸಿದರು. “ಆ ಕುಮಾ ಅಲ್ಲ ಕಣೆ. ಕರಡಿ. ಶಾಲೆ ಹಿಂದೆ ಬಂದಿತ್ತಂತೆ.”

ನಾನು ನಕ್ಕೆ. ಆಮೇಲೆ ಅವರ ಮುಖ ನೋಡಿ ನಿಲ್ಲಿಸಿದೆ.

ಅಕ್ಟೋಬರ್ ೧೦, ಶುಕ್ರವಾರ

ಊರಿಗೆ ಊರೇ ಗಂಟೆ ಕಟ್ಟಿಕೊಂಡಿದೆ. ಮಕ್ಕಳ ಬ್ಯಾಗಿಗೆ, ಮುದುಕರ ಕೋಲಿಗೆ. ಸದ್ದು ಕೇಳಿದರೆ ಕರಡಿ ತಾನಾಗಿ ಸರಿದು ಹೋಗುತ್ತದಂತೆ. ನಾನೂ ಒಂದು ಕೊಂಡು ಸೈಕಲ್ಲಿಗೆ ಕಟ್ಟಿದೆ. ನಮ್ಮೂರಲ್ಲಿ ಕುರಿಗೆ ಕಟ್ಟುತ್ತಿದ್ದೆವು — ತೋಳ ತಿನ್ನುವ ಮೊದಲು ಎಲ್ಲಿದೆ ಎಂದು ಗೊತ್ತಾಗಲಿ ಅಂತ.

ಕಂಬದ ಮೇಲಿನ ಲೌಡ್‌ಸ್ಪೀಕರ್ ದಿನಕ್ಕೆ ಮೂರ್ನಾಲ್ಕು ಸಲ ಕೂಗುತ್ತದೆ. ಗುಡ್ಡಕ್ಕೆ ಬಡಿದು ಮಾತು ಎರಡೆರಡಾಗಿ ಕೇಳುತ್ತದೆ. ಒಂದೂವರೆ ವರ್ಷ ಜಪಾನಿ ಮಾತಾಡಿಯೂ ಅರ್ಧ ತಿಳಿಯುವುದಿಲ್ಲ. “ಕುಮಾ” ತಿಳಿಯುತ್ತದೆ. ಎಲ್ಲಿ, ಯಾವ ಬೀದಿ — ಅದು ತಿಳಿಯುವುದಿಲ್ಲ.

ಅಪ್ಪನಿಗೆ ಫೋನ್ ಮಾಡಿದೆ. ಕಿರ್ಗಿಜ್ ನಾಡಿನ ನಮ್ಮ ನಾರಿನ್‌ನಲ್ಲಿ ಆಗಲೇ ಹಿಮ. ಕುರಿ ಎಲ್ಲ ಕೆಳಗೆ ಇಳಿಸಿಯಾಯಿತಂತೆ.

“ತೋಳ ಓಡಿಸಿದ ಹುಡುಗಿ ನೀನು. ಜಪಾನಿನ ಕರಡಿಗೆ ಹೆದರ್ತೀಯಾ? ಅದೇನು ನಿನ್ನ ವೀಸಾ ಕೇಳತ್ತಾ?”

ಹಿಂದಿನಿಂದ ಅಮ್ಮ ಬೈದದ್ದು ಕೇಳಿಸಿತು.

ತೋಳ ಓಡಿಸಿದ್ದು ನಾಯಿ. ನಾನು ಕುದುರೆ ಮೇಲಿದ್ದೆ. ಅಪ್ಪ ಈ ಕಥೆ ಹೇಳಿ ಹೇಳಿ ನಾಯಿಯನ್ನೇ ಮರೆತಿದ್ದಾನೆ.

ಅಕ್ಟೋಬರ್ ೧೪, ಮಂಗಳವಾರ

ಪುರಸಭೆಯವರು ಬಂದು ವೃದ್ಧಾಶ್ರಮದ ಹಾಲಿನಲ್ಲಿ ತರಬೇತಿ ಕೊಟ್ಟರು. ಓಡಬಾರದು. ಬೆನ್ನು ತೋರಿಸಬಾರದು. ಮೇಲೆ ಬಿದ್ದರೆ ಬೋರಲಾಗಿ ಮಲಗಿ, ಎರಡೂ ಕೈಯಲ್ಲಿ ಕತ್ತು ಮುಚ್ಚಿಕೊಳ್ಳಬೇಕು. ಮುಖ ಹೋಗದಂತೆ ನೋಡಿಕೊಳ್ಳಬೇಕು. “ಮುಖ ಹೋಗದಂತೆ” — ಛತ್ರಿ ಕಳೆಯದಂತೆ ನೋಡಿಕೊಳ್ಳಿ ಅನ್ನುವಷ್ಟು ಸಲೀಸಾಗಿ ಹೇಳಿದ ಅವರಲ್ಲೊಬ್ಬ.

ನಾವೆಲ್ಲ ನೆಲದ ಮೇಲೆ ಬೋರಲು. ಗಾಲಿಕುರ್ಚಿಯ ಮೇಲಿಂದ ಅಜ್ಜಅಜ್ಜಿಯರ ನಗು.

ಕಿವಾ ಅಜ್ಜಿಯ ಧ್ವನಿ ಎಲ್ಲರಿಗಿಂತ ಮೇಲೆ. “ಇದೇನ್ರವ್ವಾ, ಎಲ್ಲಾ ಒಟ್ಟಿಗೇ ಅಡ್ಡಬಿದ್ದವ್ರೆ? ಯಾರ ತಾವ ಕ್ಷಮೆ ಕೇಳ್ತೀರಿ?”

ಆಮೇಲೆ ನನ್ನನ್ನು ನೋಡಿ, “ಏ ಸೈಕಲ್ಲು, ಏಳು. ಗಾಳಿ ಇಳಿದೈತಾ?”

ನನ್ನ ಹೆಸರು ಸಾಯ್ಕಲ್ ಎಂದು ಎಷ್ಟು ಸಲ ಹೇಳಿದರೂ ಅವಳಿಗೆ ಸೈಕಲ್ಲೇ. ತೊಂಬತ್ತರ ಹತ್ತಿರ ವಯಸ್ಸು. ಬೆಳಿಗ್ಗೆ ತಿಂದದ್ದು ಮಧ್ಯಾಹ್ನಕ್ಕೆ ನೆನಪಿಲ್ಲ. ಆದರೆ ಈ ಜೋಕು ಮಾತ್ರ ಮರೆಯುವುದಿಲ್ಲ.

ಮುಂಬಾಗಿಲಿನ ಕರೆಂಟು ತೆಗೆದರು. ತಾನೇ ತೆರೆಯುವ ಬಾಗಿಲಿನ ಮುಂದೆ ಕರಡಿ ಬಂದು ನಿಂತರೂ ತೆರೆಯುತ್ತದಲ್ಲ. ಇನ್ನು ಮೇಲೆ ಕೈಯಿಂದ ಸರಿಸಬೇಕು. ಕಾಕಿ ಹಣ್ಣಿನ ಸಿಹಿಗೇ ಕರಡಿ ಬರುವುದಂತೆ, ಅಂಗಳದ ಮರದ ಹಣ್ಣೆಲ್ಲ ಕಿತ್ತುಹಾಕಬೇಕೆಂದೂ ಹೇಳಿಹೋದರು. ಕಿತ್ತಳೆ ಬಣ್ಣಕ್ಕೆ ತಿರುಗಿ ಮರ ತುಂಬಾ ಜೋತಾಡುತ್ತಿವೆ. ಕೀಳುವವರು ಮುಂದಿನ ವಾರ ಬರುತ್ತಾರಂತೆ.

ಅಕ್ಟೋಬರ್ ೧೭, ಶುಕ್ರವಾರ. ಬೆಳಿಗ್ಗೆ

ಸೇತುವೆಯ ಈಚೆ ದಾರಿಯ ನಡುವೆ ಲದ್ದಿ. ಕಪ್ಪಗೆ, ದೊಡ್ಡ ರಾಶಿ, ಒಳಗೆ ಕಾಕಿ ಬೀಜ. ಹಬೆಯಾಡುತ್ತಿತ್ತು.

ಸೈಕಲ್ ತಿರುಗಿಸಲೂ ಕೈ ಬರಲಿಲ್ಲ. ನಿಂತಿದ್ದೆ. ನನ್ನ ಗಂಟೆಯೂ ನಿಂತಿತ್ತು — ನಾನು ಅಲ್ಲಾಡದಿದ್ದರೆ ಅದೆಲ್ಲಿ ಸದ್ದು ಮಾಡುತ್ತದೆ! ಬಿದಿರು ಮೆಳೆ ಅಲ್ಲಾಡಿತು. ಗಾಳಿಯೇ ಇರಬೇಕು.

ಹಾಡಬೇಕು ಅನ್ನಿಸಿತು. ಒಂದು ಹಾಡೂ ನೆನಪಾಗಲಿಲ್ಲ. ಕೊನೆಗೆ ಲೌಡ್‌ಸ್ಪೀಕರಿನವಳ ಹಾಗೆ “ಇದು ಪುರಸಭೆಯ ಪ್ರಕಟಣೆ, ಇದು ಪುರಸಭೆಯ ಪ್ರಕಟಣೆ” ಎಂದು ಕೂಗುತ್ತಾ ದಾಟಿದೆ.

ಡ್ಯೂಟಿಗೆ ತಡ. ನಿಶಿಕಾತಾ ಅವರು ಬೈಯಲಿಲ್ಲ. ಬೈಯದೇ ಇದ್ದದ್ದಕ್ಕೆ ಇನ್ನೂ ಹೆದರಿಕೆಯಾಯಿತು. ಪಕ್ಕದ ಹಳ್ಳಿಯಲ್ಲಿ ಪೇಪರ್ ಹಾಕುವ ಹೆಂಗಸಿನ ಮೇಲೆ ಕರಡಿ ಬಿದ್ದಿದೆಯಂತೆ. ಬದುಕಿದ್ದಾಳೆ. “ಕಣ್ಣು...” ಎಂದು ಶುರು ಮಾಡಿ ನಿಲ್ಲಿಸಿದರು.

“ನಾಳೆಯಿಂದ ಸೈಕಲ್ ಬೇಡ. ನಾನೇ ಕಾರಲ್ಲಿ ಬರ್ತೀನಿ. ಹಾರ್ನ್ ಹೊಡೀತೀನಿ, ಆಮೇಲೆ ಇಳಿ. ಮೊದಲೇ ಬಂದು ನಿಂತ್ಕೋಬೇಡ.”

ಅಕ್ಟೋಬರ್ ೧೮, ಶನಿವಾರ

ನಗೋಯಾದಲ್ಲಿರುವ ಚೊಲ್ಪೊನ್ ಅಕ್ಕನಿಗೆ ಮೆಸೇಜ್. ದೊಡ್ಡಪ್ಪನ ಮಗಳು, ಫ್ಯಾಕ್ಟರಿ ಕೆಲಸ. ಉತ್ತರ ತಕ್ಷಣ ಬಂತು. “ಇಲ್ಲಿಗೇ ಬಂದ್ಬಿಡು ಮಾರಾಯ್ತಿ. ಇಲ್ಲಿ ಕಾಗೆ ಬಿಟ್ರೆ ಪ್ರಾಣಿ ಅನ್ನೋದೇ ಇಲ್ಲ.”

ಹೋಗುತ್ತೇನೆ. ಸೋಮವಾರ ನಿಶಿಕಾತಾ ಅವರಿಗೆ ಹೇಳಿಬಿಡಬೇಕು.

ಅಕ್ಟೋಬರ್ ೨೦, ಸೋಮವಾರ

ಆಗುವುದಿಲ್ಲ. ಬರೆಯಲು ಆಗುವುದಿಲ್ಲ.

ಅಕ್ಟೋಬರ್ ೨೬, ಭಾನುವಾರ

ಬರೆದರೆ ಹೋಗುತ್ತದೇನೋ. ನೋಡೋಣ.

ಸೋಮವಾರ, ಬೆಳಗಿನ ತಿಂಡಿ ಮುಗಿದಿತ್ತು. ತಟ್ಟೆ ಎತ್ತುತ್ತಿದ್ದೆ. ಕಿಟಕಿಯಿಂದ ನೋಡಿದರೆ ಕಿವಾ ಅಜ್ಜಿ ಅಂಗಳದಲ್ಲಿ. ಒಳಗೆ ಹಾಕುವ ಚಪ್ಪಲಿಯಲ್ಲೇ ಕಾಕಿ ಮರದ ಕೆಳಗೆ ನಿಂತು ಮೇಲೆ ನೋಡುತ್ತಾ ಏನೋ ಹೇಳುತ್ತಿದ್ದಾಳೆ. ಕೈಯಿಂದ ಸರಿಸುವ ಬಾಗಿಲು — ಸರಿಸಿಕೊಂಡು ಹೋಗಿದ್ದಾಳೆ, ಅಷ್ಟೇ.

ಓಡಿದೆ. ಚಳಿ ಹತ್ತಿದರೆ ಕೆಮ್ಮು ಬರುತ್ತದೆ ಅವಳಿಗೆ. ನನ್ನ ತಲೆಯಲ್ಲಿದ್ದದ್ದು ಕೆಮ್ಮು. ಇದನ್ನು ಸರಿಯಾಗಿ ಬರೆದಿಡಬೇಕು: ಕರಡಿಯನ್ನು ನಾನು ನೋಡಿರಲಿಲ್ಲ. ನೋಡಿದ್ದರೆ ಹೋಗುತ್ತಿದ್ದೆನೇ — ಗೊತ್ತಿಲ್ಲ.

ಅವಳ ತೋಳು ಹಿಡಿದೆ. ಆಗ ಅವಳ ಮಾತು ಕೇಳಿಸಿತು.

“ಸಾಕು ಇಳಿಯೋ ತಾಕೇಜೋ. ಕೊಂಬೆ ಮುರಿದಾತು. ಅಮ್ಮಯ್ಯ ಬೈತಾಳೆ, ಇಳಿಯೋ.”

ತಾಕೇಜೊ ಅವಳ ತಮ್ಮ. ಸತ್ತು ಯಾವ ಕಾಲವಾಯಿತೋ. ಅವಳು ನೋಡುತ್ತಿದ್ದ ಕಡೆ ನಾನೂ ನೋಡಿದೆ. ಕೊಂಬೆಗಳ ನಡುವೆ ಕಪ್ಪು. ಅದು ತಿನ್ನುವುದನ್ನು ನಿಲ್ಲಿಸಿತ್ತು. ಬಾಯಿಯಿಂದ ಕಿತ್ತಳೆ ರಸ ಇಳಿಯುತ್ತಿತ್ತು.

ಓಡಬಾರದು. ಬೆನ್ನು ತೋರಿಸಬಾರದು. ಅವಳ ತೋಳು ಹಿಡಿದು ಹಿಂದೆ ಹಿಂದೆ ಹೆಜ್ಜೆ ಇಟ್ಟೆ.

“ಬಾ ಅಜ್ಜಿ. ಟೀ ಕುಡಿಯೋಣ.”

“ಅವನು ಬರ್ಲಿ ತಡಿ. ಒಬ್ಬನ್ನೇ ಬಿಟ್ಟು ಹೋಗಕಾಯ್ತದಾ?” ಕೈ ಕೊಸರಿಕೊಂಡಳು. ಆ ವಯಸ್ಸಿಗೂ ಎಷ್ಟು ಶಕ್ತಿ! ಮತ್ತೆ ಮೇಲೆ ನೋಡಿ ಜೋರಾಗಿ, “ತಾಕೇಜೋ! ಇಳೀ!”

ಇಳಿಯಿತು. ಇಳಿದದ್ದಲ್ಲ, ಬಿದ್ದಂತೆ — ತೊಗಟೆ ಕಿತ್ತ ಸದ್ದು, ಧೊಪ್ಪೆಂದು ನೆಲ. ನಮ್ಮ ಕಡೆ ಮುಖ. ಅದೇನು ಸದ್ದು ಅದು — ಕಮ್ಮಾರನ ತಿದಿಯ ಹಾಗೆ ಹುಫ್, ಹುಫ್ ಎಂದು. ಬಂತು.

ಅಜ್ಜಿಯನ್ನು ಎಳೆದು ನೆಲಕ್ಕೆ ಕೆಡವಿದೆ. ಮೇಲೆ ಬಿದ್ದೆ. ನನ್ನ ಕೈ ಅವಳ ಕತ್ತಿನ ಮೇಲೆ. ನನ್ನ ಕತ್ತಿನ ಮೇಲೆ ಏನೂ ಇರಲಿಲ್ಲ. ನನ್ನ ಕೆಳಗೆ ಒಂದು ಸದ್ದಾಯಿತು — ಒಣ ಪುಳ್ಳೆ ಮುರಿದ ಹಾಗೆ. ಅವಳು ಕೂಗಲಿಲ್ಲ. ಹಾ ಎಂದು ಉಸಿರು ಬಿಟ್ಟಳು.

ಆಮೇಲೆ ವಾಸನೆ. ಒದ್ದೆ ನಾಯಿ, ಕೊಳೆತ ಹಣ್ಣು. ಬಿಸಿ ಉಸಿರು ನನ್ನ ಕಿವಿಗೆ ತಾಗಿತು. ಎಷ್ಟು ಹೊತ್ತು ಗೊತ್ತಿಲ್ಲ. ಕಿರ್ಗಿಜ್ ಭಾಷೆಯಲ್ಲಿ ಅಮ್ಮಾ ಅಮ್ಮಾ ಅನ್ನುತ್ತಿದ್ದೆನಂತೆ, ಆಂಬುಲೆನ್ಸಿನವರು ಬಂದ ಮೇಲೂ.

ಕರಡಿ ನಮ್ಮನ್ನು ಮುಟ್ಟಲಿಲ್ಲ. ಹೊಳೆ ಕಡೆ ಹೋಯಿತು. ಸಂಜೆ ಬೇಟೆಗಾರರು ಹೊಡೆದರಂತೆ.

ಕಿವಾ ಅಜ್ಜಿಯ ಸೊಂಟದ ಮೂಳೆ ಮುರಿದಿದೆ. ಮುರಿದದ್ದು ಕರಡಿಯಲ್ಲ.

ಬರೆದರೂ ಹೋಗಲಿಲ್ಲ.

ನವೆಂಬರ್ ೩, ಸೋಮವಾರ

ರಜೆ ಕೊಟ್ಟಿದ್ದಾರೆ. ಬಾಗಿಲಿನವರೆಗೆ ಹೋಗುತ್ತೇನೆ. ಶೂ ಹಾಕುತ್ತೇನೆ. ಹಿಡಿಕೆ ಮುಟ್ಟಿದ ಕೂಡಲೇ ಆ ವಾಸನೆ. ಶೂ ಬಿಚ್ಚುತ್ತೇನೆ.

ಪಕ್ಕದ ಮನೆಯ ವಾಷಿಂಗ್ ಮೆಷಿನ್ ಹುಫ್, ಹುಫ್ ಅನ್ನುತ್ತದೆ. ಸ್ನಾನದ ಮನೆಗೆ ಹೋಗಿ ಚಿಲಕ ಹಾಕಿಕೊಂಡು ಕೂರುತ್ತೇನೆ. ಒಣ ರೊಟ್ಟಿ, ಟೀ. ನಿನ್ನೆಯಿಂದ ಹಾಲಿಲ್ಲ. ಕಸ ಮೂಲೆಯಲ್ಲಿ ಬೆಳೆಯುತ್ತಿದೆ. ಅದರ ವಾಸನೆಗೆ ಬರುತ್ತದೇನೋ ಎಂದು ಎಲ್ಲವನ್ನೂ ಮೂರು ಚೀಲದೊಳಗೆ ಕಟ್ಟಿ ಫ್ರಿಜ್ಜಿನಲ್ಲಿಟ್ಟೆ. ಹುಚ್ಚು. ಗೊತ್ತು.

ಪತ್ರಿಕೆಯಲ್ಲಿ ಬಂತಂತೆ. ವಿದೇಶಿ ಹುಡುಗಿ ಅಜ್ಜಿಯನ್ನು ಕಾಪಾಡಿದಳು ಎಂದು. ಯಾರೋ ಬಾಗಿಲ ಮುಂದೆ ಸೇಬಿನ ಬುಟ್ಟಿ ಇಟ್ಟು ಹೋಗಿದ್ದಾರೆ. ಇಣುಕು ರಂಧ್ರದಿಂದ ಕಾಣುತ್ತದೆ. ಹಣ್ಣು! ಹೊರಗೆ! ದೇವರೇ, ಯಾರಾದರೂ ಎತ್ತಿಕೊಂಡು ಹೋಗಿ.

ಅಪ್ಪ ಫೋನಿನಲ್ಲಿ ಅತ್ತ. “ನನ್ನ ಮಗಳು ಹುಲಿ” ಎಂದ. ಊರಿಗೆಲ್ಲ ಹೇಳಿದ್ದಾನೆ. ಈಗ ಎರಡು ಕಥೆಯಾಯಿತು ಅವನಿಗೆ.

ಚೊಲ್ಪೊನ್ ಕೇಳುತ್ತಾಳೆ, ಯಾವಾಗ ಬರ್ತೀಯ? ಸ್ಟೇಷನ್ನಿಗೆ ಹೋಗಲು ಬಾಗಿಲು ತೆರೆಯಬೇಕಲ್ಲ ಅಕ್ಕ.

ನವೆಂಬರ್ ೮, ಶನಿವಾರ. ಮಧ್ಯಾಹ್ನ

ನಿಶಿಕಾತಾ ಅವರು ಬಂದರು. ಈ ವಾರ ದಿನವೂ ಬರುತ್ತಾರೆ, ತಮ್ಮ ಹತ್ತಿರದ ಕೀಲಿಯಿಂದ ಬಾಗಿಲು ತೆರೆದು ಊಟದ ಡಬ್ಬಿ ಕೊಟ್ಟು, ಸೇಬು ತೆಗೆದುಕೊಂಡು ಹೋಗುತ್ತಾರೆ. ಇವತ್ತು ಹೋಗಲಿಲ್ಲ. ಶೂ ಬಿಡುವ ಜಾಗದಲ್ಲೇ ಕೋಟು ಹಾಕಿಕೊಂಡೇ ಕೂತರು.

“ಕಿವಾ ಅಜ್ಜಿಗೆ ಆಪರೇಷನ್ ಚೆನ್ನಾಗಾಯ್ತು. ನಡೆಯೋದು ಕಷ್ಟ.”

ಆಗ ಹೇಳಿಬಿಟ್ಟೆ. ಜಪಾನಿಯಲ್ಲಿ ಹೇಗೆ ಹೇಳಿದೆನೋ. ಕರಡಿ ಮುಟ್ಟಲಿಲ್ಲ, ನಾನು ಮುರಿದೆ. ನಾನು ಎಳೆದೆ. ಸುಮ್ಮನೆ ನಿಂತಿದ್ದರೆ ಅದೇ ಹೋಗುತ್ತಿತ್ತೇನೋ.

“ಗೊತ್ತು” ಅಂದರು.

“ಯಾರಿಗೆ?”

“ಎಲ್ರಿಗೂ. ಡಾಕ್ಟರಿಗೆ, ಮಗನಿಗೆ. ಕರಡಿ ಮುಟ್ಟಿದ್ರೆ ಉಗುರಿನ ಗಾಯ ಇರಲ್ವೇನೆ? ಎಲ್ರಿಗೂ ಗೊತ್ತಿದ್ದೇ ಸೇಬು ತಂದಿಡ್ತಿದ್ದಾರೆ.”

ಆಮೇಲೆ ಗೋಡೆ ನೋಡುತ್ತಾ, “ನಾನು ಒಳಗಿದ್ದೆ. ನೋಡ್ತಾ ಇದ್ದೆ, ಮೊದಲಿಂದ. ಕರಡಿ ಮರದ ಮೇಲಿದ್ದದ್ದೂ ಕಂಡಿತ್ತು. ನೀನು ಓಡಿದ್ದು ಕಂಡು ಕೂಗೋಣ ಅಂದ್ರೆ ಧ್ವನಿ ಬರಲಿಲ್ಲ. ನೀನು ಆಚೆ ಹೋದ ಮೇಲೆ ಬಾಗಿಲು ಎಳ್ಕೊಂಡೆ. ಎರಡೂ ಕೈಯಲ್ಲಿ ಹಿಡ್ಕೊಂಡಿದ್ದೆ. ಒಳಗೆ ಅಷ್ಟು ಜನ ಮುದುಕರಿದ್ರು, ಅದಕ್ಕೇ ಅಂತ ಎಲ್ಲರಿಗೂ ಹೇಳ್ತೀನಿ. ಸುಳ್ಳೇನಲ್ಲ. ಆದ್ರೆ ಆ ಹೊತ್ತಲ್ಲಿ ಅವರ್ಯಾರೂ ನನಗೆ ನೆನಪಿರಲಿಲ್ಲ ಸಾಯ್ಕಲ್.”

ಟೀ ಮಾಡಿದೆ. ಹಾಲು ಅವರೇ ತಂದಿದ್ದರು. ನಮ್ಮೂರಿನ ಹಾಗೆ ಉಪ್ಪು ಹಾಕಿ ಕೊಟ್ಟೆ, ಯೋಚಿಸದೇ. ಮುಖ ಕಿವುಚಿದರು. ಆದರೂ ಪೂರ್ತಿ ಕುಡಿದರು.

ಹೊರಡುವಾಗ, “ನಾನೂ ಕಾರಿನಿಂದ ನಿನ್ನ ಬಾಗಿಲಿನವರೆಗೆ ಓಡಿಕೊಂಡೇ ಬರೋದು. ತಿಳ್ಕೋ.”

ಇಣುಕು ರಂಧ್ರದಿಂದ ನೋಡಿದೆ. ಓಡಿದರು. ಕೋಟು ಹಾರುತ್ತಿತ್ತು. ಐವತ್ತು ದಾಟಿದ ಹೆಂಗಸು.

ನವೆಂಬರ್ ೧೪, ಶುಕ್ರವಾರ

ಕಿವಾ ಅಜ್ಜಿಯನ್ನು ನಾಳೆ ಸೆಂದಾಯ್‌ಗೆ ಒಯ್ಯುತ್ತಾರೆ, ಮಗನ ಮನೆಯ ಹತ್ತಿರದ ಆಸ್ಪತ್ರೆಗೆ. ಇನ್ನು ಇತ್ತ ಬರುವುದಿಲ್ಲ.

ನಿಶಿಕಾತಾ ಅವರು ಫೋನಿನಲ್ಲಿ: “ಕೇಳ್ತಾ ಇದ್ದಾಳೆ ನಿನ್ನ. ಹೆಸರು ನೆನಪಿಲ್ಲ. ‘ಆ ಹುಡುಗಿ ನನ್ನ ತಮ್ಮನ ಜೊತೆ ಅಲ್ಲೇ ಉಳಿದುಹೋದ್ಲಾ’ ಅಂತಾಳೆ. ಇಲ್ಲ, ಬದುಕಿದ್ದಾಳೆ ಅಂದ್ರೆ ನಂಬಲ್ಲ. ಬೆಳಿಗ್ಗೆ ಬರ್ತೀನಿ. ಹಾರ್ನ್ ಹೊಡೆಯಲ್ಲ. ಮೇಲೆ ಬಂದು ಬಾಗಿಲು ತಟ್ತೀನಿ, ಕೀಲಿ ಹಾಕಲ್ಲ.”

ಆಗುವುದಿಲ್ಲ ಅಂದೆ.

“ಆಗದಿದ್ರೆ ಬಾಗಿಲು ತೆಗೀಬೇಡ. ನಾನೇನೂ ಅಂದ್ಕೊಳಲ್ಲ” ಎಂದು ಇಟ್ಟುಬಿಟ್ಟರು.

ನಾನು ಅಲ್ಲೇ ಉಳಿದುಹೋದೆ ಅಂದುಕೊಂಡಿದ್ದಾಳೆ. ಮರದ ಕೆಳಗೆ. ಸುಳ್ಳಾ ಅದು?

ನವೆಂಬರ್ ೧೫, ಶನಿವಾರ. ಬೆಳಿಗ್ಗೆ

ಶೂ ಹಾಕಿ ಬಾಗಿಲಿನ ಹತ್ತಿರ ಕೂತಿದ್ದೇನೆ. ಪುಸ್ತಕ ಮೊಣಕಾಲ ಮೇಲೆ.

ಕೆಳಗೆ ಕಾರು ನಿಂತಿತು. ಬಾಗಿಲು ಹಾಕಿದ ಸದ್ದು. ಓಡುವ ಹೆಜ್ಜೆ — ಅವರೇ.

ಆಸ್ಪತ್ರೆಯಲ್ಲಿ ನನ್ನ ಮುಖ ನೋಡಿ ಅವಳಿಗೆ ಏನು ನೆನಪಾಗುತ್ತದೋ. ಬಿದ್ದದ್ದು ನೆನಪಾದರೆ? ನಾನು ಎಳೆದದ್ದು? ಕರಡಿಗಿಂತ ಅದಕ್ಕೇ ಹೆಚ್ಚು... ಇಲ್ಲ. ಎರಡಕ್ಕೂ. ಎರಡಕ್ಕೂ ಸಮ.

ಮೆಟ್ಟಿಲು ಹತ್ತುತ್ತಿದ್ದಾರೆ. ಏದುಸಿರು ಕೇಳುತ್ತಿದೆ. ಅವರದೇ ಉಸಿರು. ಮನುಷ್ಯರ ಉಸಿರು.

ಬರೆಯುವುದು ನಿಲ್ಲಿಸಿದರೆ ಏಳಬೇಕು. ಅದಕ್ಕೇ ಇನ್ನೂ ಬರೆಯುತ್ತಿದ್ದೇನೆ. ಏನಾದರೂ ಬರೆಯಬೇಕು. ಬಾಗಿಲಿನ ಬಣ್ಣ ಬೂದು. ಹಿಡಿಕೆ ತಣ್ಣಗಿದೆ. ಮುಟ್ಟಿಯಾಯಿತು, ಎಡಗೈಯಲ್ಲಿ ಹಿಡಿದುಕೊಂಡೇ ಬರೆಯುತ್ತಿದ್ದೇನೆ, ಅಕ್ಷರ ಹೇಗೆ ಹೇಗೋ

ತಟ್ಟಿದರು.

ಇನ್ನೊಂದು ಸಾಲು ಬರೆದು