ಗೋಡೆ ಹಿಡಿದು ಗುಡಿಯವರೆಗೆ

ಶಿರಸಿ
14 ಡಿಸೆಂಬರ್ 1997

ಪ್ರೀತಿಯ ನೀಲಾಳ ಅಪ್ಪನಿಗೆ,

ಪ್ರತಿಭಾಳ ನಮಸ್ಕಾರಗಳು. ನಿಮ್ಮ ಕೆಮ್ಮು ಹೇಗಿದೆ? ಅಸ್ಸಾಮಿನ ಕಡೆ ಈ ವರ್ಷ ಥಂಡಿ ಜಾಸ್ತಿ ಎಂದು ರೇಡಿಯೋದಲ್ಲಿ ಕೇಳಿದಾಗಿನಿಂದ ಅದೇ ಯೋಚನೆ. ನಾನು ಕಳಿಸಿದ ಉಣ್ಣೆಯ ಬನಿಯನ್ನನ್ನು ಟ್ರಂಕಿನಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದೀರಿ ಎಂದು ನನಗೆ ಚೆನ್ನಾಗಿ ಗೊತ್ತು, ದಯವಿಟ್ಟು ತೆಗೆದು ಮೈಮೇಲೆ ಹಾಕಿಕೊಳ್ಳಿ. ಇಲ್ಲಿ ನಾವು ಮೂವರೂ ಆರಾಮವಾಗಿದ್ದೇವೆ. ನೀಲಾಳ ಮುಂದಿನ ಹಲ್ಲು ಬಿದ್ದಿದೆ, ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ. ಶಾಲೆಗೆ ಓಣಿಯ ಮಕ್ಕಳ ಜೊತೆ ತಾನೇ ನಡೆದು ಹೋಗಿ ಬರುತ್ತಾಳೆ, ಬಿಡಲು ನಾನು ಹೋದರೆ ಅವಳಿಗೆ ನಾಚಿಕೆಯಂತೆ. ಅತ್ತೆಯ ವಿಷಯ ಸ್ವಲ್ಪ ಉದ್ದವಿದೆ, ಮುಂದೆ ಬರೆಯುತ್ತೇನೆ.

ನಿಮ್ಮ ಎರಡು ಪತ್ರಗಳೂ ತಲುಪಿದವು. ಎರಡರಲ್ಲೂ ಒಂದೇ ಪ್ರಶ್ನೆ ಕೇಳಿದ್ದೀರಿ, ಮೇಸ್ತ್ರಿ ಸಂಗಯ್ಯನಿಗೆ ಸೈಟು ತೋರಿಸಿದೆಯಾ, ಸಂಕ್ರಾಂತಿಯೊಳಗೆ ಪಾಯ ತೆಗೆಯುತ್ತಾನಾ ಎಂದು. ತೋರಿಸಿದ್ದೇನೆ. ಆದರೆ ಆ ಮಾತಿಗೆ ಬರುವ ಮೊದಲು ಈ ಆರು ತಿಂಗಳಲ್ಲಿ ನಾನು ಕಣ್ಣಾರೆ ಕಂಡದ್ದನ್ನು ನಿಮಗೆ ಹೇಳಬೇಕು. ಹೇಳದೇ ಹೋದರೆ ನನಗೇ ಅದು ನಿಜವಾಗಿ ನಡೆಯಿತೋ ಇಲ್ಲವೋ ಎನ್ನಿಸುತ್ತದೆ. ಮಧ್ಯದಲ್ಲಿ ನಿಮಗೆ ಸಿಟ್ಟು ಬರುವ ಜಾಗ ಒಂದಿದೆ. ಅಲ್ಲಿಗೇ ನಿಲ್ಲಿಸಬೇಡಿ.

ದಾಸನಕೊಪ್ಪದ ನಮ್ಮ ಹೊಲದ ಮನೆಯನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಆದರೆ ನೀವು ರಜೆಗೆ ಬಂದು ಹೋಗುತ್ತಿದ್ದಿರಿ, ನಾನು ದಿನಾ ನೋಡುತ್ತಿದ್ದೆ. ಊರು ಒಂದು ಕಡೆ, ಮನೆ ಹೊಲದ ನಡುವೆ. ಮಧ್ಯದಲ್ಲಿ ಗದ್ದೆಯ ಬದು, ಕಾಲುವೆಗೆ ಅಡ್ಡ ಹಾಕಿದ ದಿಮ್ಮಿ, ಆಮೇಲೆ ಗಾಡಿಯ ಜಾಡು. ಕಣ್ಣಿದ್ದವರೇ ನೋಡಿಕೊಂಡು ಕಾಲಿಡಬೇಕು. ಕಣ್ಣಿನ ನರ ಒಣಗಿದೆ, ಇನ್ನು ಏನೂ ಮಾಡುವ ಹಾಗಿಲ್ಲ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿ ಕಳಿಸಿದ ಮೇಲೆ ಅತ್ತೆ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತವರು ಅಲ್ಲೇ ಉಳಿದರು. ಮೊದಮೊದಲು ಸೋಮವಾರ ಬಂದರೆ ಬಸವಣ್ಣನ ಗುಡಿಗೆ ಯಾರಾದರೂ ಹೋಗುತ್ತೀರಾ ಎಂದು ಕೇಳುತ್ತಿದ್ದರು. ನನಗೆ ದನದ ಕೆಲಸ, ಮಾವನಿಗೆ ಹೊಲ. ಬಿಡುವಾದ ದಿನ ಕೈ ಹಿಡಿದು ಕರೆದುಕೊಂಡು ಹೋಗುವುದು, ಇಲ್ಲದ ದಿನ ಇಲ್ಲ. ಬರಬರುತ್ತಾ ಅವರು ಕೇಳುವುದನ್ನೇ ಬಿಟ್ಟರು. ಮದುವೆಗೋ ಮಣ್ಣಿಗೋ ಗಾಡಿ ಹೂಡಿದರೆ ಹತ್ತಿ ಕೂರುತ್ತಿದ್ದರು, ಅಷ್ಟೇ. ವಯಸ್ಸಾಯಿತು, ಕಣ್ಣು ಹೋಯಿತು, ಇನ್ನು ಅವರಿಗೆ ಎಲ್ಲಿಗೂ ಹೋಗುವ ಆಸೆಯಿಲ್ಲ ಎಂದು ನಾವೆಲ್ಲ ತಿಳಿದೆವು. ನೀವೂ ಹಾಗೇ ತಿಳಿದಿರಿ.

ಮಾವ ತೀರಿಕೊಂಡ ಮೇಲೆ, ನೀಲಾಳ ಶಾಲೆಗೆಂದು, ಮೇ ತಿಂಗಳಲ್ಲಿ ನೀವೇ ನಮ್ಮನ್ನು ಈ ಓಣಿಯ ಬಾಡಿಗೆ ಮನೆಗೆ ತಂದಿರಿಸಿದಿರಿ. ಅದೇ ರಜೆಯಲ್ಲಿ ಯಲ್ಲಾಪುರ ರಸ್ತೆಯ ಆಚೆ ಹೊಸ ಬಡಾವಣೆಯಲ್ಲಿ ಸೈಟು ಕೊಂಡಿರಿ. ಒಂದು ವರ್ಷ ಹೇಗಾದರೂ ಈ ಬೆಂಕಿಪೆಟ್ಟಿಗೆಯಲ್ಲಿ ಕಳೆಯಿರಿ ಎಂದು ನಗುತ್ತಾ ಹೇಳಿ ಹೋದಿರಿ. ಬೆಂಕಿಪೆಟ್ಟಿಗೆಯೇ ಹೌದು. ಒಂದು ಮನೆಯ ಗೋಡೆಗೆ ಇನ್ನೊಂದು ಮನೆ, ಎಡಬಲಕ್ಕೆ ಕಿಟಕಿಯೇ ಇಲ್ಲ. ಮಧ್ಯಾಹ್ನವೂ ಅಡಿಗೆಮನೆಯಲ್ಲಿ ದೀಪ ಬೇಕು. ಪಕ್ಕದ ಮನೆಯವರು ಒಗ್ಗರಣೆ ಹಾಕಿದರೆ ನಮಗೆ ಸೀನು. ಬಂದ ಹೊಸತರಲ್ಲಿ ನಾನು ಸಹ ಹೊಸ ಮನೆಯ ದಿನ ಎಣಿಸುತ್ತಿದ್ದೆ. ಕಂಪೌಂಡಿನ ಒಳಗೆ ಎಲ್ಲಿ ದಾಸವಾಳ, ಎಲ್ಲಿ ಜಾಜಿ ಎಂದು ಮನಸ್ಸಿನಲ್ಲೇ ನೆಟ್ಟುಕೊಂಡಿದ್ದೆ. ಅದನ್ನು ಮರೆಮಾಚುವುದಿಲ್ಲ.

ಈಗ ಸಿಟ್ಟು ಬರುವ ಮಾತು. ಶ್ರಾವಣದ ಒಂದು ಸೋಮವಾರ ನಾನು ರೇಷನ್ ಅಂಗಡಿಯಿಂದ ಸೀಮೆಎಣ್ಣೆ ತೆಗೆದುಕೊಂಡು ಬಂದೆ. ಬಾಗಿಲು ಚಿಲಕವಿಲ್ಲದೆ ಸುಮ್ಮನೆ ಮುಂದೆ ಮಾಡಿತ್ತು. ಒಳಗೆ ಅತ್ತೆ ಇಲ್ಲ. ಬಚ್ಚಲಲ್ಲಿ ಇಲ್ಲ, ಹಿತ್ತಲಲ್ಲಿ ಇಲ್ಲ. ಹಿತ್ತಲ ಬಾವಿಗೂ ಬಗ್ಗಿ ನೋಡಿದೆ. ಬೀದಿಗೆ ಬಂದರೆ ಎದುರುಮನೆಯ ರಾಜೀವಿಯಕ್ಕ ಜಗುಲಿಯಲ್ಲಿ ಕೂತು ಬಸಳೆಸೊಪ್ಪು ಬಿಡಿಸುತ್ತಿದ್ದರು. ಕುಮಟೆ ಕಡೆಯ ಹೆಂಗಸು, ಹಪ್ಪಳ ಮಾಡಿ ಮಾರಿ ಜೀವನ ಮಾಡುವವರು. ನನ್ನ ಮುಖ ನೋಡಿ, ಹೆದರಬೇಡಿ ಮಾರಾಯ್ರೆ, ಗುಡಿಗೆ ಹೋಗಿ ಬರ್ತೆ ಅಂತ ಹೋದ್ರು, ನಾನು ಬರ್ಲಾ ಅಂದ್ರೆ ಬೇಡ ಅಂದ್ರು, ಎಂದರು. ಯಾರ ಜೊತೆ ಎಂದು ಕೇಳಿದೆ. ಒಬ್ರೇ, ಎಂದರು.

ನಾನು ಓಡಿದೆ. ಓಣಿಯ ಅರ್ಧದಲ್ಲಿ ಅವರ ಬೆನ್ನು ಕಂಡಿತು. ಕೂಗಬೇಕೆಂದು ಬಾಯಿ ತೆರೆದವಳು ಯಾಕೋ ಕೂಗಲಿಲ್ಲ. ಗಿರಣಿಯ ಆಚೆ ಇಲ್ಲಿಯೂ ಒಂದು ಬಸವಣ್ಣನ ಗುಡಿಯಿದೆ, ನಾನು ಎರಡು ಮೂರು ಸಲ ಕೈ ಹಿಡಿದು ಕರೆದೊಯ್ದಿದ್ದ ಆ ದಾರಿಯಲ್ಲಿ ಅವರು ನಡೆಯುತ್ತಿದ್ದರು. ತಡವರಿಸುತ್ತಾ ಅಲ್ಲ. ಎಡಗೈಯನ್ನು ಮನೆಗಳ ಜಗುಲಿಯ ಅಂಚಿನ ಮೇಲೆ, ಜಗುಲಿ ಮುಗಿದಲ್ಲಿ ಗೋಡೆಯ ಮೇಲೆ ಆಡಿಸುತ್ತಾ, ಹಿಂದೆ ದಾಸನಕೊಪ್ಪದಲ್ಲಿ ಎಮ್ಮೆಯ ಬೆನ್ನು ಸವರುತ್ತಿದ್ದರಲ್ಲ, ಹಾಗೆ ಸವರಿಕೊಂಡು ಹೋಗುತ್ತಿದ್ದರು. ಒಂದು ಮನೆ ಮುಗಿಯುವಲ್ಲಿ ಇನ್ನೊಂದು ಸಿಗುತ್ತಿತ್ತು. ಮಳೆ ಹನಿಯುತ್ತಿತ್ತು, ಆದರೆ ಒಂದು ಮನೆಯ ಸೂರಿಗೆ ಇನ್ನೊಂದರ ಸೂರು ತಾಗಿಕೊಂಡೇ ಇರುವುದರಿಂದ ಅವರ ಸೆರಗೂ ನೆನೆದಿರಲಿಲ್ಲ. ದರ್ಜಿಯವನು ಹೊಲಿಗೆ ನಿಲ್ಲಿಸದೆಯೇ ದಾರಿಯಲ್ಲಿದ್ದ ಸ್ಟೂಲನ್ನು ಕಾಲಿನಿಂದ ಒಳಗೆ ಎಳೆದುಕೊಂಡ. ಯಾರೋ ಜಗುಲಿಗೆ ಒರಗಿಸಿದ್ದ ಸೈಕಲ್ಲು ಆಚೆ ಸರಿಸಿದರು. ಯಾರೂ ಅಯ್ಯೋ ಪಾಪ ಎನ್ನಲಿಲ್ಲ, ಯಾರೂ ಬಂದು ಕೈ ಹಿಡಿಯಲಿಲ್ಲ. ಗಂಗಮ್ಮಾ, ಗುಡಿಗಾ, ಎಂದು ಒಬ್ಬರು ಒಳಗಿನಿಂದ ಅತ್ತೆಯನ್ನು ಕೇಳಿದರು. ಹೂಂ, ಎಂದು ಇವರು ನಿಲ್ಲದೆ ಹೇಳಿದರು.

ಹಿಟ್ಟಿನ ಗಿರಣಿಗೆ ಮೊದಲು ಒಂದು ಅಡ್ಡದಾರಿ ಇದೆ, ಅಲ್ಲಿ ಗೋಡೆ ಮುಗಿಯುತ್ತದೆ. ಅತ್ತೆ ಗೋಡೆಯ ಕೊನೆಯಲ್ಲಿ ನಿಂತರು. ಮುಖ ಸ್ವಲ್ಪ ವಾಲಿಸಿದರು. ಒಂದು ಸೈಕಲ್ಲು ಗಂಟೆ ಬಾರಿಸುತ್ತಾ ಹೋಯಿತು. ಅದು ಹೋದ ಮೇಲೆ, ಆಚೆ ಬದಿಯ ಗಿರಣಿಯ ಸದ್ದು ಎಲ್ಲಿಂದ ಬರುತ್ತಿತ್ತೋ ಅದಕ್ಕೆ ಎದೆಯೊಡ್ಡಿ ನೆಟ್ಟಗೆ ಬಯಲಿಗೆ ನಡೆದುಬಿಟ್ಟರು. ಚಾಚಿದ ಕೈಗೆ ಗಿರಣಿಯ ಗೋಡೆ ಸಿಕ್ಕಿದಾಗ ಅದನ್ನು ಎರಡು ಸಲ ಮೆಲ್ಲಗೆ ತಟ್ಟಿದರು, ಮನೆಗೆ ಬಂದ ನೆಂಟರ ಭುಜ ತಟ್ಟಿದಂತೆ. ಇಷ್ಟು ವರ್ಷ ನಾನು ಅವರಿಗೆ ಕಾಲೇ ಇಲ್ಲವೇನೋ ಎಂಬಂತೆ ಎತ್ತಿ ಇಳಿಸಿದ್ದೆನಲ್ಲ, ಆ ಹೆಂಗಸು ಇವರೇನಾ ಎಂದು ನಿಂತಲ್ಲೇ ನಿಂತೆ.

ಗುಡಿಯಲ್ಲಿ ಬಸವಣ್ಣನ ಕೊಂಬು ಮುಟ್ಟಿ, ಕಣ್ಣಿಗೊತ್ತಿಕೊಂಡು, ಕಂಬಕ್ಕೆ ಒರಗಿ ಕೂತರು. ನಾನು ಹೊಸ್ತಿಲಾಚೆ ನಿಂತಿದ್ದೆ. ಆಗ ಇತ್ತ ತಿರುಗಿಯೂ ನೋಡದೆ ಹೇಳಿದರು: "ಪ್ರತಿಭಾ, ನಿನ್ನ ಚಪ್ಪಲಿ ಸಪ್ಪಳ ಆಗಿಂದ ಕೇಳಾಕತ್ತೀನಿ. ಕರೀಲಿಲ್ಲ, ಚಲೋ ಮಾಡಿದಿ. ಕರದಿದ್ದರ ನಾ ಅಲ್ಲೇ ನಿಲ್ತಿದ್ನಿ."

ಆಮೇಲಿನದನ್ನು ನೀವಿದ್ದು ನೋಡಬೇಕಿತ್ತು. ಗುಡಿಯಾಯಿತು, ಅದರಾಚೆಯ ಕಿರಾಣಿ ಅಂಗಡಿಯಾಯಿತು, ರಾಜೀವಿಯಕ್ಕನ ಮನೆಯಂತೂ ಸರಿಯೇ ಸರಿ, ಹಪ್ಪಳದ ಹಿಟ್ಟು ನಾದುವಾಗ ಅತ್ತೆ ಇರಲೇಬೇಕಿತ್ತು. ಮನೆಗೆ ಕೊತ್ತಂಬರಿ ಬೇಕೆಂದು ನಾನು ಹೇಳಿ ಮುಗಿಸುವುದರೊಳಗೆ ಬಾಗಿಲಲ್ಲಿರುತ್ತಿದ್ದರು. ಊರಿನ ಸುದ್ದಿಯೆಲ್ಲ ನನಗೆ ಅವರಿಂದಲೇ ಸಿಗುತ್ತಿತ್ತು. ದೀಪಾವಳಿಗೆ ಸೀರೆ ಬೇಡ, ಚಪ್ಪಲಿ ಕೊಡಿಸು ಎಂದರು. ದಾಸನಕೊಪ್ಪದಲ್ಲಿ ಅವರ ಒಂದು ಜೊತೆ ಚಪ್ಪಲಿ ಎಷ್ಟೋ ವರ್ಷ ಹೊಸದರ ಹಾಗೇ ಬಿದ್ದಿತ್ತು, ನೆನಪಿದೆಯಾ? ಇಲ್ಲಿಗೆ ಬಂದು ಅದರ ಹಿಮ್ಮಡಿ ಸವೆದು ಹೋಗಿದೆ. ನನ್ನದನ್ನೂ ಹೇಳಬೇಕು. ಅಲ್ಲಿದ್ದಾಗ ಶಿರಸಿಗೆ ಹೋಗುವುದೆಂದರೆ ಹಿಂದಿನ ದಿನದಿಂದ ತಯಾರಿ, ಬಸ್ಸು ತಪ್ಪಿದರೆ ದಿನವೇ ಹೋಯಿತು. ಈಗ ಪೇಟೆಗೆ ಹೋಗಿದ್ದೆ ಎನ್ನುವುದೇ ನೆನಪಿರುವುದಿಲ್ಲ, ಅಷ್ಟು ಸಲ ಹೋಗಿ ಬರುತ್ತೇನೆ.

ಹೋದ ತಿಂಗಳು ಅತ್ತೆಯನ್ನೂ ಕರೆದುಕೊಂಡು ಆಟೋದಲ್ಲಿ ಸೈಟಿಗೆ ಹೋದೆ. ಜಾಗ ನಿಜಕ್ಕೂ ಚಂದ. ರಸ್ತೆ ಅಗಲ, ಗಾಳಿ, ಬೆಳಕು. ಸಂಗಯ್ಯ ಸುಣ್ಣದ ಪುಡಿಯಲ್ಲಿ ಗೆರೆ ಹಾಕಿ ಕಾಯುತ್ತಿದ್ದ. ಬಹಳ ಆಸೆಯಿಂದ ಒಂದೊಂದು ಕೋಣೆಯನ್ನೂ ತೋರಿಸಿದ. "ನಾಕೂ ಕಡೆ ಜಾಗ ಬಿಟ್ಟೀವಿ ಬರ್ರಿ ಅಮ್ಮಾರ, ಯಾರ ಗೋಡೀನೂ ನಮಗ ತಾಗಂಗಿಲ್ಲ," ಎಂದ. ಅತ್ತೆ ರಸ್ತೆಯ ಬದಿಯಲ್ಲಿ ನಿಂತಿದ್ದರು. ಎಡಗೈ ತಾನಾಗಿಯೇ ಮೇಲೆದ್ದು ಚಾಚಿತು. ಏನೂ ಸಿಗಲಿಲ್ಲ. ಇನ್ನೊಂದು ಕಡೆ ತಿರುಗಿ ಚಾಚಿದರು. ಅಲ್ಲಿಯೂ ಗಾಳಿಯೇ. ಗುಡಿ ಯಾವ ಕಡೆ ಬರತೈತಿ ಎಂದು ಕೇಳಿದರು. ಗುಡಿ, ಅಂಗಡಿ ಎಲ್ಲ ಪೇಟೆಯಲ್ಲೇ, ಸಾಹೇಬರು ಹೇಗೂ ಸ್ಕೂಟರ್ ತೆಗೆದುಕೊಳ್ಳುತ್ತಾರಲ್ಲ ಎಂದು ಸಂಗಯ್ಯ ಹೇಳಿದ. ಆಗ ಅವರು ನನ್ನ ಮೊಣಕೈ ಹಿಡಿದುಕೊಂಡರು. ದಾಸನಕೊಪ್ಪದಲ್ಲಿ ಹಿಡಿಯುತ್ತಿದ್ದ ಅದೇ ಹಿಡಿತ. ಶಿರಸಿಗೆ ಬಂದ ಮೇಲೆ ನಾನು ಅದನ್ನು ಮರೆತೇಬಿಟ್ಟಿದ್ದೆ.

ಅಲ್ಲಿ ಈಗಾಗಲೇ ಮನೆ ಕಟ್ಟಿಕೊಂಡಿರುವ ಬ್ಯಾಂಕಿನವರ ಹೆಂಡತಿ ಸುಬ್ಬಲಕ್ಷ್ಮಿಯವರು ಕರೆದು ಬೆಲ್ಲ, ನೀರು ಕೊಟ್ಟರು. ಹೇರೂರಿನ ಕಡೆಯವರು, ಮಾತು ಮೃದು. ಮನೆ ಕನ್ನಡಿಯ ಹಾಗೆ ಇಟ್ಟಿದ್ದಾರೆ. ಒಂದು ತೆಂಗಿನಕಾಯಿ ಬೇಕಾದರೂ ಸಂಜೆ ಯಜಮಾನರ ಸ್ಕೂಟರ್ ಬರುವವರೆಗೆ ಕಾಯಬೇಕು, ನಾನು ಪೇಟೆ ಕಾಣುವುದು ಭಾನುವಾರವೇ ಎಂದು ನಗುತ್ತಲೇ ಹೇಳಿದರು. ದೂರು ಹೇಳುವ ಧ್ವನಿಯಲ್ಲ, ಹಾಗೇ ಇರುವುದು ಎಂಬ ಧ್ವನಿ. ವಾಪಸು ಬರುವಾಗ ಆಟೋದಲ್ಲಿ ನನಗೆ ಅದೇ ವಿಚಾರ. ಅತ್ತೆ ಅದೇ ಅತ್ತೆ, ಕತ್ತಲೆಯೂ ಅದೇ ಕತ್ತಲೆ. ಮನೆ ಎಲ್ಲಿದೆ, ಅದರ ಪಕ್ಕದಲ್ಲಿ ಏನಿದೆ ಎನ್ನುವುದರ ಮೇಲೆ ಒಬ್ಬರು ನಡೆಯುವವರಾಗುತ್ತಾರೆ ಇಲ್ಲವೇ ಕೂರುವವರಾಗುತ್ತಾರೆ. ಇಷ್ಟು ದೊಡ್ಡ ಸಂಗತಿ ನಮ್ಮ ಕಣ್ಣೆದುರಿಗೇ ಇತ್ತು, ಕಣ್ಣಿದ್ದ ನಮಗೆ ಕಾಣಲೇ ಇಲ್ಲ.

ಸೈಟು ಹೇಗನ್ನಿಸಿತು ಎಂದು ಕೇಳಿದೆ. ಗಾಳಿ ಚಲೋ ಐತಿ ಎಂದರು, ಅಷ್ಟೇ. ಮಾರನೆಯ ದಿನ ಅವರು ಗುಡಿಗೆ ಹೋಗಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ರಾಜೀವಿಯಕ್ಕ ಬಂದು ಕರೆದರೂ ಜಗುಲಿ ಬಿಟ್ಟು ಇಳಿಯಲಿಲ್ಲ. ಮೈಗೆ ಆರಾಮವಿಲ್ಲವೇ ಎಂದು ಹಣೆ ಮುಟ್ಟಿ ನೋಡಿದೆ. ನನ್ನ ಕೈಯನ್ನು ಹಣೆಯಿಂದ ತೆಗೆದು ತಮ್ಮ ಕೈಯಲ್ಲಿ ಹಿಡಿದುಕೊಂಡರು. "ಅಲ್ಲಿ ಹೋದಮ್ಯಾಲ ಬಿಡೂದು ಕಷ್ಟ ಆಗತೈತಿ. ಈಗಿಂದನ ರೂಢಿ ಬಿಡಾಕತ್ತೀನಿ," ಎಂದರು. ನಾನು ನಿಮಗೆ ಬರೆಯುತ್ತೇನೆ ಎಂದೆ. ಬ್ಯಾಡ, ಮಗ ಆಸೆಪಟ್ಟು ಕಟ್ಟಾಕತ್ತಾನ, ಬ್ಯಾಡ ಅನ್ನೂ ಮಾತು ಅವನ ಕಿವಿಗಿ ಹೋಗಬಾರದು ಎಂದು ಆಣೆ ಹಾಕಲು ಬಂದರು. ನಾನು ಕೈ ಬಿಡಿಸಿಕೊಂಡು ಒಳಗೆ ಹೋದೆ, ಆಣೆ ಪೂರ್ತಿಯಾಗಲು ಬಿಡಲಿಲ್ಲ. ಆದ್ದರಿಂದಲೇ ಈ ಪತ್ರ ಬರೆಯಲು ಸಾಧ್ಯವಾಯಿತು.

ನಿಮ್ಮ ಮೇಲೆ ನನಗೆ ಯಾವ ತಕರಾರೂ ಇಲ್ಲ. ಅಷ್ಟು ದೂರದಲ್ಲಿ ಚಳಿಯಲ್ಲಿ ನಿಂತು ನಮಗೊಂದು ಸ್ವಂತ ಸೂರು ಬೇಕೆಂದು ಯೋಚಿಸುವವರು ನೀವು. ಆರೋಗ್ಯ ನೋಡಿಕೊಳ್ಳಿ, ಹೊತ್ತಿಗೆ ಸರಿಯಾಗಿ ಊಟ ಮಾಡಿ. ಅತ್ತೆಯ ಆಶೀರ್ವಾದಗಳು. ನೀಲಾ ಮುತ್ತು ಕಳಿಸಿದ್ದಾಳೆ, ಬಿದ್ದ ಹಲ್ಲನ್ನೂ ಕಳಿಸುತ್ತೇನೆಂದು ಹಟ ಮಾಡಿದಳು, ನಾನು ಬೇಡವೆಂದೆ. ಬಸವಣ್ಣ ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿಮ್ಮ
ಪ್ರತಿಭಾ

ತಾ.ಕ.: ಮುಖ್ಯವಾದದ್ದು ಉಳಿದೇಹೋಯಿತು. ಸಂಗಯ್ಯನಿಗೆ, ಸಾಹೇಬರು ಬರುವ ತನಕ ಪಾಯ ತೆಗೆಯಬೇಡ ಎಂದು ಹೇಳಿಬಿಟ್ಟಿದ್ದೇನೆ, ನಿಮ್ಮನ್ನು ಕೇಳದೆಯೇ. ಕಟ್ಟುವುದೋ ಬಿಡುವುದೋ ನೀವು ಬಂದ ಮೇಲೆ ಹೇಳಿ. ಸಂಕ್ರಾಂತಿಗೆ ರಜೆ ಸಿಗಬಹುದೆಂದು ಬರೆದಿದ್ದಿರಲ್ಲ, ಅದನ್ನು ನಾನು ಅತ್ತೆಗೆ ಓದಿ ಹೇಳಿದೆ. ಅವತ್ತು ನನಗೆ ಹಬ್ಬದ ಅಡಿಗೆಯ ಕೆಲಸ, ಬಸ್ ನಿಲ್ದಾಣಕ್ಕೆ ನೀವೇ ಹೋಗಿ ಮಗನನ್ನು ಕರೆತರಬೇಕು ಎಂದು ಅವರಿಗೆ ಹೇಳಿದೆ. ಬಾಗಿಲ ಬಳಿಯ ಚಪ್ಪಲಿಯನ್ನು ಕಾಲಿನಿಂದ ತಡವಿದರು. ಆಮೇಲೆ, ಗುಡಿ ದಾಟಿದ ಮೇಲೆ ಗೋಡೆ ಎಲ್ಲಿಯವರೆಗೆ ಇದೆ ಎಂದು ಕೇಳಿದರು. ಈ ಬೆಳಿಗ್ಗೆ ಒಂದು ಸಲ ಹೋಗಿ ನೋಡಿ ಬಂದರು. ಯಾವ ಬಸ್ಸಿಗೆ ಬರುತ್ತೀರಿ ಎಂದು ಕೂಡಲೇ ತಿಳಿಸಿ. ನಾನು ಬರುವುದಿಲ್ಲ, ಅವರೊಬ್ಬರೇ ಬರುತ್ತಾರೆ. ಅವರು ಕಣ್ಣಿಗೆ ಬಿದ್ದ ಕೂಡಲೇ ಓಡಿಹೋಗಿ ಕೈ ಹಿಡಿಯಬೇಡಿ. ಸ್ವಲ್ಪ ಹೊತ್ತು ನಿಂತು ನೋಡಿ.